ಉಳಿದ ಅರ್ಧದ ಚರಿತ್ರೆ: ಮಕ್ಕಳ ಅಪಸ್ಮಾರ, ಅರ್ಧಗೋಳದ ಶಸ್ತ್ರಚಿಕಿತ್ಸೆ ಮತ್ತು ಗಡಿಯ ಮಾತು

ವೈದ್ಯಚರಿತ್ರೆಯಲ್ಲಿ ಪತ್ತಿಕೊಂಡದ ಹೆಸರು ಬರುವುದು ಒಂದು ಸಾವಿನ ಮೂಲಕ. ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1827ರ ಜುಲೈ 6ರಂದು ಇಲ್ಲಿ ಕಾಲರಾದಿಂದ ಮೃತನಾದನು. ಸಾಂಕ್ರಾಮಿಕ ರೋಗಗಳು ಹೀಗೆ ಸರ್ಕಾರಿ ಕಡತಗಳಲ್ಲಿ ತೇದಿಗಳನ್ನು ಬಿಟ್ಟುಹೋಗುತ್ತವೆ. ಅಪಸ್ಮಾರಕ್ಕೆ ಅಂಥ ತೇದಿಗಳಿಲ್ಲ. ಅದು ಮನೆಯ ಗೋಡೆಗಳೊಳಗೆ ಅಡಗಿಸಿಟ್ಟ ರೋಗ. ಸ್ಮೃತಿ ತಪ್ಪುವುದೆಂಬ ಅರ್ಥದ ಈ ಪ್ರಾಚೀನ ಪದವು ಬರಿಯ ಸೆಳೆತವನ್ನಲ್ಲ, ನೆನಪಿನ ನಷ್ಟವನ್ನೇ ಮುಂದುಮಾಡುತ್ತದೆ ಎಂಬುದು ಗಮನಾರ್ಹ. ಈ ಲೇಖನದ ವಿಷಯವೂ ಅದಕ್ಕೆ ಸಮೀಪದ್ದೇ: ಮಿದುಳಿನ ಒಂದು ಪಾರ್ಶ್ವ ಮಾತ್ರ ಕೆಟ್ಟಿರುವ ಮಗುವಿನಲ್ಲಿ ಇನ್ನೊಂದು ಪಾರ್ಶ್ವದ ಗತಿಯೇನು?

ಕೆಲವು ಶಿಶುಗಳಲ್ಲಿ ಗರ್ಭದಲ್ಲಿಯೇ ಮಿದುಳಿನ ಒಂದು ಅರ್ಧಗೋಳವು ಅತಿಯಾಗಿ, ಅಸ್ತವ್ಯಸ್ತವಾಗಿ ಬೆಳೆಯುತ್ತದೆ. ಹೆಮಿಮೆಗಲೆನ್ಸೆಫಲಿ ಎಂಬ ಈ ವಿರೂಪವನ್ನು ವೈದ್ಯಕೀಯವು ಹತ್ತೊಂಬತ್ತನೆಯ ಶತಮಾನದಿಂದಲೇ ಬಲ್ಲದು. ಇನ್ನು ಕೆಲವರಲ್ಲಿ ಜನನದ ಆಸುಪಾಸಿನ ರಕ್ತಸಂಚಾರದ ತೊಡಕಿನಿಂದ ಒಂದು ಪಾರ್ಶ್ವ ಕುಗ್ಗಿ, ಎದುರಿನ ಕೈಕಾಲು ಸ್ವಾಧೀನ ತಪ್ಪುತ್ತದೆ. ಕಾರಣ ಬೇರೆ, ಕಷ್ಟ ಒಂದೇ: ಔಷಧಕ್ಕೆ ಬಗ್ಗದ ಸೆಳೆತ.

1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಗೆಡ್ಡೆಯ ಕಾರಣಕ್ಕಾಗಿ ಬಲ ಅರ್ಧಗೋಳವನ್ನು ತೆಗೆದ ವರದಿ ಪ್ರಕಟವಾಯಿತು. ಒಂದು ದಶಕದ ಬಳಿಕ ಕೆನಡಾದ ಮೆಕೆಂಜಿ ಅದೇ ಕ್ರಮವನ್ನು ಸೆಳೆತ ನಿಲ್ಲಿಸಲು ಬಳಸಿದನು. ಆದರೆ ನಿಜವಾದ ತಿರುವು 1950ರದು. ದಕ್ಷಿಣ ಆಫ್ರಿಕದ ಕ್ರೈನಾವ್, ಶಿಶುಪ್ರಾಯದಲ್ಲೇ ಪಾರ್ಶ್ವವಾಯುವಿಗೆ ತುತ್ತಾಗಿದ್ದ 12 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಸೆಳೆತ ಇಳಿದದ್ದಷ್ಟೇ ಅಲ್ಲ, ನಡವಳಿಕೆಯೂ ಬುದ್ಧಿಯೂ ಸುಧಾರಿಸಿದುವು ಎಂಬುದು ಅವನ ಗಮನಿಕೆ. ಮಿದುಳಿನ ಅರ್ಧವನ್ನು ಕಳೆದುಕೊಂಡವನ ಬುದ್ಧಿ ಹೆಚ್ಚುವುದೆಂತು? ಕೆಟ್ಟ ಅರ್ಧವು ಸುಮ್ಮನೆ ನಿಷ್ಕ್ರಿಯವಾಗಿರದೆ ತನ್ನ ವಿದ್ಯುತ್ ಕ್ಷೋಭೆಯನ್ನು ಎದುರು ಪಾರ್ಶ್ವಕ್ಕೆ ಸಾಗಿಸಿ ಅದರ ಕೆಲಸವನ್ನು ಕೆಡಿಸುತ್ತಿತ್ತು ಎಂದೇ ತಿಳಿಯಬೇಕಾಯಿತು. 1960ರ ಸುಮಾರಿಗೆ ಫ್ರ್ಯಾಂಕ್ ಮೊರೆಲ್ ಪ್ರಾಣಿಗಳಲ್ಲಿ ಇದಕ್ಕೊಂದು ಚಿತ್ರವನ್ನು ಒದಗಿಸಿದನು: ಒಂದು ಪಾರ್ಶ್ವದ ಸೆಳೆತದ ಕೇಂದ್ರವು ಎದುರು ಪಾರ್ಶ್ವದಲ್ಲಿ ಕನ್ನಡಿಯ ಬಿಂಬದಂತೆ ಇನ್ನೊಂದು ಕೇಂದ್ರವನ್ನು ಹುಟ್ಟಿಸಬಲ್ಲುದು. ಮನುಷ್ಯರಿಗೆ ಇದು ಎಷ್ಟು ಸಲ್ಲುತ್ತದೆಂಬ ವಿವಾದ ಇನ್ನೂ ಮುಗಿದಿಲ್ಲ.

ಭಾರತದಲ್ಲಿ ಮೊದಲ ಅಪಸ್ಮಾರ ಶಸ್ತ್ರಚಿಕಿತ್ಸೆ ನಡೆದದ್ದು 1952ರ ಆಗಸ್ಟ್ 25ರಂದು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಮಾಡಿದವರು ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್‌ನ ಬಳಿ ಕಲಿತು ಬಂದು 1949ರಲ್ಲಿ ಅಲ್ಲಿ ನರಶಸ್ತ್ರವೈದ್ಯ ವಿಭಾಗವನ್ನು ಕಟ್ಟಿದ ಡಾ. ಜೇಕಬ್ ಚಾಂಡಿ. ರೋಗಿ 19 ವರ್ಷದ ತರುಣ. ಶೈಶವದಿಂದಲೇ ಬಲ ಮೈ ಸೋತವನು. ಅಂದು ವೆಲ್ಲೂರೂ ಕರ್ನೂಲು ಜಿಲ್ಲೆಯ ಪತ್ತಿಕೊಂಡವೂ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರುಗಳೂ ಒಂದೇ ಮದ್ರಾಸ್ ರಾಜ್ಯದೊಳಗಿದ್ದುವು. ಹದಿನಾಲ್ಕು ತಿಂಗಳು ಕಳೆಯುವುದರೊಳಗೆ, 1953ರ ಅಕ್ಟೋಬರ್ 1ರಂದು, ವೆಲ್ಲೂರು ಒಂದು ಕಡೆಗೆ, ಬಳ್ಳಾರಿ ಇನ್ನೊಂದು ಕಡೆಗೆ, ಆದವಾನಿ ಆಲೂರುಗಳು ಕರ್ನೂಲಿನೊಡನೆ ಆಂಧ್ರಕ್ಕೆ ಹೋದುವು. ಬೆಂಗಳೂರಿನಲ್ಲಿ 1954ರಲ್ಲಿ ತೆರೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಮುಂದೆ 1974ರಲ್ಲಿ ನಿಮ್ಹಾನ್ಸ್ ಆದದ್ದು, ಹೀಗಾಗಿ ಇಲ್ಲಿನ ಕನ್ನಡಿಗರಿಗೆ ಮಾತಿನಿಂದ ಹತ್ತಿರದ್ದೂ ಆಡಳಿತದಿಂದ ಹೊರನಾಡಿನದೂ ಆಯಿತು.

ಶಸ್ತ್ರಕ್ರಿಯೆಯ ಕಥೆ ನೇರವಾಗಿ ಸಾಗಲಿಲ್ಲ. ವರ್ಷಗಳು ಕಳೆದಂತೆ ಖಾಲಿಯಾದ ಜಾಗದಲ್ಲಿ ರಕ್ತ ಜಿನುಗಿ ಸಾವುಗಳುಂಟಾದುವು. 1960ರ ದಶಕದಲ್ಲಿ ವೈದ್ಯರು ಹಿಂಜರಿದರು. ಆಮೇಲೆ ಮಾಂಟ್ರಿಯಲ್‌ನ ರಾಸ್‌ಮುಸನ್, ಅರ್ಧಗೋಳದ ಒಂದು ಭಾಗವನ್ನಷ್ಟೇ ತೆಗೆದು ಉಳಿದುದರ ಸಂಪರ್ಕವನ್ನು ಕತ್ತರಿಸಿ ಒಳಗೇ ಬಿಡುವ ಕ್ರಮವನ್ನು ರೂಪಿಸಿದನು. ಅದರಿಂದ ಈ ಚಿಕಿತ್ಸೆ ಮರಳಿ ಬಂತು.

ಮರಳಿ ಬಂದ ಮೇಲೆ ಪ್ರಶ್ನೆ ಮೊದಲಿನಷ್ಟು ಸರಳವಾಗಿ ಉಳಿಯಲಿಲ್ಲ. 2006ರಲ್ಲಿ ಲಾಸ್ ಏಂಜಲಿಸ್‌ನ ಸಂಶೋಧಕರು ಹೆಮಿಮೆಗಲೆನ್ಸೆಫಲಿಯ ಮಕ್ಕಳ ಚಿತ್ರಗಳನ್ನು ಅಳೆದು ನೋಡಿದಾಗ, ಆರೋಗ್ಯವೆಂದು ನಂಬಿದ್ದ ಎದುರು ಅರ್ಧಗೋಳವೂ ಸಾಮಾನ್ಯ ಮಕ್ಕಳದಕ್ಕಿಂತ ಚಿಕ್ಕದೆಂದು ತೋರಿತು. ಸೆಳೆತದ ಹಾವಳಿಯೋ ಗರ್ಭದಲ್ಲಿಯೇ ಆದ ದೋಷವೋ ಎಂಬುದರ ಮೇಲೆ ಫಲಿತಾಂಶ ನಿಂತಿದೆ: ಮೊದಲನೆಯದಾದರೆ ಬೇಗ ಶಸ್ತ್ರಕ್ರಿಯೆ ಮಾಡಿದಷ್ಟೂ ಲಾಭ, ಎರಡನೆಯದಾದರೆ ನಿರೀಕ್ಷೆಗೆ ಮಿತಿಯಿದೆ. ಎರಡೂ ಬೆರೆತಿರಬಹುದೆಂಬುದೇ ನನಗೆ ಯುಕ್ತವಾಗಿ ಕಾಣುತ್ತದೆ. ಆದುದರಿಂದ 'ಆರೋಗ್ಯವಂತ' ಎನ್ನುವುದಕ್ಕಿಂತ 'ಹೆಚ್ಚು ಆರೋಗ್ಯದ' ಎನ್ನುವುದೇ ಸರಿಯಾದ ವಿಶೇಷಣ.

ಆ ಅರ್ಧವನ್ನು ಅಳೆಯುವ ಮುಖ್ಯ ಮಾನದಂಡಗಳಲ್ಲಿ ಮಾತು ಒಂದು. ಎಡ ಅರ್ಧ ಬಾಲ್ಯದಲ್ಲೇ ಕೆಟ್ಟರೆ ಮಾತು ಬಲಕ್ಕೆ ದಾಟಬಲ್ಲುದೆಂಬುದನ್ನು 1962ರಲ್ಲಿ ಬ್ಯಾಸರ್ ವಿವರವಾಗಿ ಪರಿಶೀಲಿಸಿದನು. ಅದಕ್ಕೂ ಮೊದಲೇ ಜೂನ್ ವಾಡಾ ಒಂದು ಪರೀಕ್ಷೆಯನ್ನು ಕಂಡುಹಿಡಿದಿದ್ದನು: ಕತ್ತಿನ ರಕ್ತನಾಳಕ್ಕೆ ಔಷಧ ಹಾಯಿಸಿ ಒಂದು ಅರ್ಧವನ್ನು ಕೆಲವೇ ನಿಮಿಷ ಮಲಗಿಸುವುದು, ಎಚ್ಚರವಿರುವ ಅರ್ಧಕ್ಕೆ ವಸ್ತುಗಳನ್ನು ತೋರಿಸಿ ಹೆಸರು ಕೇಳುವುದು. ಇಂದು ಅದರ ಸ್ಥಾನವನ್ನು ಬಹುಮಟ್ಟಿಗೆ ಎಂಆರ್‌ಐ ತುಂಬಿದೆ. ಆದರೆ ಪ್ರಶ್ನೆ ಕೇಳುವುದು ಮಾತ್ರ ತಪ್ಪಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಆಡುವ ಆಲೂರಿನ ಮಗುವಿಗೆ ಯಾವ ಮಾತಿನಲ್ಲಿ ಹೆಸರು ಕೇಳಬೇಕು? ತೆಲುಗಿನಲ್ಲಿ ತಡವರಿಸಿದರೆ ಅದು ಅರ್ಧಗೋಳದ ಸೋಲೋ, ಭಾಷೆಯ ಅಪರಿಚಯವೋ? ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪರಂಪರೆಯಲ್ಲಿ ಕನ್ನಡಕ್ಕೆಂದೇ ಭಾಷಾಪರೀಕ್ಷೆಗಳು ಸಿದ್ಧವಾಗಿವೆ. ಅವು ಕರ್ನೂಲಿನ ಪಶ್ಚಿಮ ಅಂಚಿನ ಎರಡು ಮಾತುಗಳ ಮಗುವಿಗೆ ಸಲ್ಲಬೇಕಾದರೆ ಕನ್ನಡದಲ್ಲೂ ತೆಲುಗಿನಲ್ಲೂ, ಶಸ್ತ್ರಕ್ರಿಯೆಗೆ ಮುಂಚೆಯೂ ಅನಂತರವೂ ಕೇಳಿ, ಮಗು ಯಾವುದರಲ್ಲಿ ಉತ್ತರಿಸಿತೆಂಬುದನ್ನು ಕಡತದಲ್ಲಿ ಬರೆದಿಡಬೇಕು.