ಸಾರಜನಕವೋ, ಅಳತೆಯೋ? ಬೆಂಗಳೂರು ಗ್ರಾಮಾಂತರದ ರಸ್ತೆಗಳಲ್ಲಿ ಪ್ರವಾಸಿ ವಾಹನಗಳ ಟೈರ್ ಒತ್ತಡ

ಸಾರಾಂಶ

ಪ್ರವಾಸಿ ವಾಹನಗಳ ಟೈರಿಗೆ ಗಾಳಿಯ ಬದಲು ಸಾರಜನಕ (ನೈಟ್ರೋಜನ್) ತುಂಬಿಸುವುದು ಖರ್ಚಿಗೆ ತಕ್ಕದ್ದೇ? ಸೋರಿಕೆ, ಶುದ್ಧತೆ, ಉಷ್ಣತೆ, ಎತ್ತರ, ತೇವಾಂಶ ಎಂಬ ಐದು ಅಂಶಗಳನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪರಿಸ್ಥಿತಿಗೆ ಅನ್ವಯಿಸಿ ಈ ಲೇಖನ ಪರಿಶೀಲಿಸುತ್ತದೆ. ಸಾರಜನಕದ ಲಾಭ ನಿಜ, ಆದರೆ ಸಣ್ಣದು. ಒತ್ತಡವನ್ನು ತಿಂಗಳಿಗೊಮ್ಮೆ ಅಳೆಯುವವರಿಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಅಳತೆ ಕಷ್ಟವಾದ ಅಥವಾ ಬಹುಪಾಲು ನಿಂತೇ ಇರುವ ಚಕ್ರಗಳಿಗೆ ಮಾತ್ರ ಅದಕ್ಕೆ ಬೆಲೆಯಿದೆ ಎಂಬುದು ಇಲ್ಲಿನ ವಾದ.

1. ಹಿನ್ನೆಲೆ

ದೇವನಹಳ್ಳಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 44, ನೆಲಮಂಗಲದ ಮೂಲಕ 48 ಹಾದುಹೋಗುತ್ತವೆ. ಹಾಸನ, ಮಂಗಳೂರಿನ ಕಡೆಗೆ ಹೋಗುವ 75 ಕವಲೊಡೆಯುವುದೂ ನೆಲಮಂಗಲದಲ್ಲೇ. ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುತ್ತದೆ. ವಾರಾಂತ್ಯದಲ್ಲಿ ನಂದಿ ಬೆಟ್ಟಕ್ಕೋ ಕರಾವಳಿಗೋ ಹೊರಟ ಕಾರು, ಟೆಂಪೊ ಟ್ರಾವೆಲರ್‌ಗಳು ಈ ದಾರಿಗಳ ಬಂಕ್‌ ಮತ್ತು ಟೈರ್ ಅಂಗಡಿಗಳಲ್ಲಿ ನಿಲ್ಲುತ್ತವೆ. ಬಂಕ್‌ಗಳಲ್ಲಿ ಗಾಳಿ ಉಚಿತವಾಗಿರಬೇಕೆಂಬ ನಿಯಮವಿದೆ. ನೈಟ್ರೋಜನ್‌ಗೆ ಹಣ ಕೊಡಬೇಕು. ನೈಟ್ರೋಜನ್ ತುಂಬಿದ ಗುರುತಿಗೆ ವಾಲ್ವ್ ಮೇಲೊಂದು ಹಸಿರು ಕ್ಯಾಪ್ ಕೂರುತ್ತದೆ.

ಈ ಚರ್ಚೆ ಅಂಗಡಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಯಮುನಾ ಎಕ್ಸ್‌ಪ್ರೆಸ್‌ವೇ ಅಪಘಾತಗಳ ಹಿನ್ನೆಲೆಯಲ್ಲಿ 2019ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ಟೈರ್‌ಗಳಿಗೆ ಸಾರಜನಕ ಕಡ್ಡಾಯಗೊಳಿಸುವ ಆಲೋಚನೆಯನ್ನು ರಾಜ್ಯಸಭೆಯಲ್ಲಿ ಪ್ರಸ್ತಾಪಿಸಿದ್ದರು.

2. ವಿಮಾನದ ಉದಾಹರಣೆಯ ಮಿತಿ

ನೈಟ್ರೋಜನ್ ಪರವಾಗಿ ಮೊದಲು ಕೇಳಿಬರುವ ಮಾತು ವಿಮಾನದ್ದು. 2008ರ ಮೇ ತಿಂಗಳಿಂದ ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಇರುವುದರಿಂದ ಆ ಮಾತಿಗೆ ಇಲ್ಲಿ ತೂಕ ಹೆಚ್ಚು. ಆದರೆ ವಿಮಾನಕ್ಕೆ ಸಾರಜನಕ ಬಂದ ಕಾರಣವೇ ಬೇರೆ. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನದ ಬ್ರೇಕ್ ಅತಿಯಾಗಿ ಕಾದು, ಸಾಮಾನ್ಯ ಗಾಳಿ ತುಂಬಿದ್ದ ಟೈರ್ ಆಕಾಶದಲ್ಲೇ ಸ್ಫೋಟಿಸಿತು. ಇಂಧನದ ಕೊಳವೆಗಳು ಹರಿದು ಬೆಂಕಿ ಹತ್ತಿ 167 ಜನ ಸತ್ತರು. ಸುಮಾರು 34 ಟನ್ ಮೀರಿದ ವಿಮಾನಗಳ ಬ್ರೇಕ್ ಇರುವ ಚಕ್ರಗಳಲ್ಲಿ ಆಮ್ಲಜನಕ ಶೇ 5ನ್ನು ಮೀರಬಾರದೆಂಬುದು ಇಂದು ಅಮೆರಿಕದ ವಾಯುಯಾನ ನಿಯಮ. ಕಾದ ರಬ್ಬರಿನಿಂದ ಹೊರಡುವ ಅನಿಲ ಆಮ್ಲಜನಕದ ಜೊತೆ ಸೇರಿ ಹೊತ್ತಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ರಸ್ತೆಯಲ್ಲಿ ಟೈರ್ ಸಿಡಿಯುವುದಕ್ಕೆ ಸಾಮಾನ್ಯ ಕಾರಣ ಕಡಿಮೆ ಒತ್ತಡ, ಅತಿಭಾರ, ವೇಗ ಮತ್ತು ಸವೆತ. ಒತ್ತಡ ಕಡಿಮೆಯಿದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಬಾಗಿ ಕಾಯುತ್ತದೆ. ಒಳಗಿರುವುದು ಯಾವ ಅನಿಲವಾದರೂ ಆ ಬಾಗುವಿಕೆ ತಪ್ಪುವುದಿಲ್ಲ.

3. ಸೋರಿಕೆ ಮತ್ತು ಶುದ್ಧತೆ

ಗಾಳಿಯಲ್ಲಿ ಶೇ 78 ಭಾಗ ಸಾರಜನಕವೇ ಇದೆ. ಆಮ್ಲಜನಕ ಶೇ 21. ಟೈರಿನ ಒಳಪದರದ ಬ್ಯೂಟೈಲ್ ರಬ್ಬರಿನ ಮೂಲಕ ಆಮ್ಲಜನಕವು ಸಾರಜನಕಕ್ಕಿಂತ ಮೂರು–ನಾಲ್ಕು ಪಟ್ಟು ಬೇಗ ಹೊರಬೀಳುತ್ತದೆ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 31 ಮಾದರಿಯ ಟೈರ್‌ಗಳನ್ನು 30 ಪಿಎಸ್‌ಐ ಒತ್ತಡಕ್ಕೆ ತುಂಬಿ ಒಂದು ವರ್ಷ ಹೊರಗಿಟ್ಟು ನೋಡಿತು. ಗಾಳಿಯ ಟೈರ್‌ಗಳು ಸರಾಸರಿ 3.5 ಪಿಎಸ್‌ಐ, ಸಾರಜನಕದವು 2.2 ಪಿಎಸ್‌ಐ ಕಳೆದುಕೊಂಡವು. ವರ್ಷಕ್ಕೆ ಅಂತರ 1.3, ತಿಂಗಳಿಗೆ ಸುಮಾರು 0.1. ಬಂಕಿನ ಗೇಜ್‌ಗಳು ಒಂದರಿಂದೊಂದಕ್ಕೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸುತ್ತವೆ.

ಆ ಪ್ರಯೋಗದಲ್ಲಿ ಹಳೆಯ ಗಾಳಿಯನ್ನು ಚೆನ್ನಾಗಿ ಹೊರಹಾಕಿ ಸಾರಜನಕ ತುಂಬಲಾಗಿತ್ತು. ಅಂಗಡಿಯಲ್ಲಿ ಹಾಗಾಗುತ್ತದೆಯೇ? ದೇವನಹಳ್ಳಿಯ ಎತ್ತರದಲ್ಲಿ, ಸುಮಾರು 915 ಮೀಟರ್‌ನಲ್ಲಿ, ವಾತಾವರಣದ ಒತ್ತಡ 13.2 ಪಿಎಸ್‌ಐ. ಟೈರಿನ ಗಾಳಿಯನ್ನು ಪೂರ್ತಿ ಬಿಟ್ಟರೂ ಅಷ್ಟು ಒಳಗೆ ಉಳಿಯುತ್ತದೆ. ಅದರ ಮೇಲೆ ಶೇ 95 ಶುದ್ಧತೆಯ ಸಾರಜನಕವನ್ನು ಗೇಜ್‌ನಲ್ಲಿ 33 ಬರುವಷ್ಟು ತುಂಬಿದರೆ ಮಿಶ್ರಣದಲ್ಲಿ ಆಮ್ಲಜನಕ ಸುಮಾರು ಶೇ 10 ಇರುತ್ತದೆ. ಮತ್ತೊಮ್ಮೆ ಬಿಟ್ಟು ತುಂಬಿದರೆ ಶೇ 6ಕ್ಕೆ ಇಳಿಯುತ್ತದೆ. ಗಾಳಿಯಿದ್ದ ಟೈರನ್ನು 28ರಿಂದ 33ಕ್ಕೆ ಏರಿಸಲು ಸಾರಜನಕ ಹಾಕಿಸಿದರೆ ಆಮ್ಲಜನಕ 21ರಿಂದ 19ರ ಆಸುಪಾಸಿಗೆ ಬರುತ್ತದೆ, ಅಷ್ಟೇ. ಹಸಿರು ಕ್ಯಾಪ್ ನೋಡಿ ಒಳಗಿನ ಶುದ್ಧತೆಯನ್ನು ಹೇಳಲಾಗದು.

4. ಉಷ್ಣತೆ ಮತ್ತು ಎತ್ತರ

ಟೈರ್ ಕಾದರೂ ಸಾರಜನಕ ಹಿಗ್ಗುವುದಿಲ್ಲ ಎಂಬ ಪ್ರಚಾರಕ್ಕೆ ಭೌತವಿಜ್ಞಾನದ ಆಧಾರವಿಲ್ಲ. ಈ ಒತ್ತಡಗಳಲ್ಲಿ ಒಣ ಗಾಳಿ, ಸಾರಜನಕ ಎರಡೂ ಒಂದೇ ನಿಯಮಕ್ಕೆ ಬದ್ಧ. ಗೇಜ್‌ನ 33ಕ್ಕೆ ವಾತಾವರಣದ 13.2 ಸೇರಿಸಿದರೆ ನಿಜವಾದ ಒತ್ತಡ 46.2. ಸುಮಾರು 27 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಏರಿಕೆಗೆ ಎರಡೂ ಅನಿಲಗಳ ಒತ್ತಡ ಸರಿಸುಮಾರು 1.5 ಪಿಎಸ್‌ಐ ಏರುತ್ತದೆ. ದೊಡ್ಡಬಳ್ಳಾಪುರದ ಚಳಿಗಾಲದ ಬೆಳಗಿನ ಅಳತೆಗೂ ಅದೇ ದಿನ ಮಧ್ಯಾಹ್ನದ ಅಳತೆಗೂ ಇರುವ ವ್ಯತ್ಯಾಸ, ಸಾರಜನಕ ಒಂದು ವರ್ಷದಲ್ಲಿ ಉಳಿಸುವುದಕ್ಕಿಂತ ದೊಡ್ಡದಾಗಬಹುದು.

ಎತ್ತರದ ಪರಿಣಾಮವೂ ಅಷ್ಟೇ ದೊಡ್ಡದು. 1,478 ಮೀಟರ್ ಎತ್ತರದ ನಂದಿಗೆ ಹತ್ತಿದರೆ ಹೊರಗಿನ ಒತ್ತಡ ಕಡಿಮೆಯಾಗಿ ಗೇಜ್ ಸುಮಾರು 0.9 ಹೆಚ್ಚು ತೋರಿಸುತ್ತದೆ. ನೆಲಮಂಗಲದಿಂದ ಹೊರಟು ಘಟ್ಟ ಇಳಿದು ಮಂಗಳೂರು ತಲುಪಿದರೆ, ಉಷ್ಣತೆ ಬದಲಾಗದಿದ್ದಲ್ಲಿ, ಸುಮಾರು 1.5 ಕಡಿಮೆ ತೋರಿಸುತ್ತದೆ. ಕರಾವಳಿಯ ಸೆಕೆ ಅದನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಆದ್ದರಿಂದ ದೂರ ಪ್ರಯಾಣದ ಪ್ರವಾಸಿ ಮಾರನೆಯ ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಹೋದ ಊರಿನಲ್ಲೇ ಅಳೆದುಕೊಳ್ಳುವುದು ಸರಿಯಾದ ಕ್ರಮ.

5. ತೇವಾಂಶ: ಗಮನಕ್ಕೆ ಬಾರದ ಅಂಶ

ಸಾರಜನಕದ ಟೈರ್ ಸ್ಥಿರವಾಗಿರುತ್ತದೆ ಎಂಬ ಚಾಲಕರ ಅನುಭವಕ್ಕೆ ಒಂದು ಆಧಾರವಿದೆ: ಅದು ಒಣಗಿರುತ್ತದೆ. ಮಳೆಗಾಲದ ಗಾಳಿಯನ್ನು ಕಂಪ್ರೆಸರ್ ಒತ್ತಿದಾಗ ಅದರಲ್ಲಿನ ಆವಿ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಆ ನೀರನ್ನು ಹೊರಬಿಡದಿದ್ದರೆ ಹನಿಗಳು ಪೈಪಿನ ಮೂಲಕ ಟೈರಿಗೆ ಹೋಗುತ್ತವೆ. ನೀರಾವಿಯ ಒತ್ತಡ 27 ಡಿಗ್ರಿಯಲ್ಲಿ ಅರ್ಧ ಪಿಎಸ್‌ಐ ಇದ್ದರೆ, 70 ಡಿಗ್ರಿಯಲ್ಲಿ 4.5. ಸುಮಾರು 30 ಲೀಟರ್ ಒಳಗಾತ್ರದ ಕಾರಿನ ಟೈರಿನಲ್ಲಿ ಒಂದು ಟೀ ಚಮಚದಷ್ಟು ನೀರಿದ್ದರೆ, ಅದು ಬಿಸಿಯಾದಾಗ ನಾಲ್ಕು ಪಿಎಸ್‌ಐನಷ್ಟು ಹೆಚ್ಚುವರಿ ಒತ್ತಡ ಬರುತ್ತದೆ. ಕಬ್ಬಿಣದ ಡಿಸ್ಕ್ ತುಕ್ಕು ಹಿಡಿಯುವುದಕ್ಕೂ ಇದೇ ತೇವ ಕಾರಣ. ಇದಕ್ಕೆ ಪರಿಹಾರ ಅಗ್ಗದ್ದು: ಕಂಪ್ರೆಸರಿನ ಡ್ರೈನ್ ವಾಲ್ವ್‌ನ್ನು ದಿನವೂ ತೆರೆಯುವುದು, ಪೈಪಿಗೆ ತೇವ ಹಿಡಿಯುವ ಫಿಲ್ಟರ್ ಹಾಕುವುದು. ಒಣ ಗಾಳಿ ಈ ವಿಷಯದಲ್ಲಿ ಸಾರಜನಕಕ್ಕೆ ಸಮ.

6. ಖರ್ಚು–ಲಾಭ

ಒತ್ತಡ ಒಂದು ಪಿಎಸ್‌ಐ ಇಳಿದರೆ ಇಂಧನ ಕ್ಷಮತೆ ಸುಮಾರು ಶೇ 0.2 ತಗ್ಗುತ್ತದೆಂಬುದು ಅಮೆರಿಕ ಸರ್ಕಾರದ ಅಂದಾಜು. ವರ್ಷಕ್ಕೆ 12,000 ಕಿ.ಮೀ. ಓಡಿ ಲೀಟರಿಗೆ 15 ಕಿ.ಮೀ. ಕೊಡುವ ಕಾರು 800 ಲೀಟರ್ ಕುಡಿಯುತ್ತದೆ. ಮಾಲೀಕ ಇಡೀ ವರ್ಷ ಗೇಜ್ ಮುಟ್ಟದಿದ್ದರೂ ಗಾಳಿ–ಸಾರಜನಕಗಳ ನಡುವಿನ ಸರಾಸರಿ ಅಂತರ 0.65 ಪಿಎಸ್‌ಐ, ಉಳಿತಾಯ ಒಂದು ಲೀಟರ್ ಪೆಟ್ರೋಲ್. ಟೈರಿಗೆ 40 ರೂಪಾಯಿ ದರ ಎಂದು ಹಿಡಿದರೆ ನಾಲ್ಕು ಚಕ್ರಗಳ ಒಂದು ಭರ್ತಿಗೇ 160 ರೂಪಾಯಿ. ತಿಂಗಳಿಗೊಮ್ಮೆ ಉಚಿತ ಗಾಳಿ ಹಾಕಿಸುವವನಿಗೆ ಈ ಉಳಿತಾಯವೂ ಇಲ್ಲ.

ರಬ್ಬರಿನ ಆಯುಷ್ಯದ ಮಾತು ಬೇರೆ. ಆಮ್ಲಜನಕ ಒಳಗಿನಿಂದ ರಬ್ಬರನ್ನು ಪೆಡಸಾಗಿಸುತ್ತದೆ. ಸಾರಜನಕ ಅದನ್ನು ನಿಧಾನಿಸುತ್ತದೆ. ನಿತ್ಯ ಓಡುವ ಟ್ಯಾಕ್ಸಿಯ ಟೈರ್ ಪೆಡಸಾಗುವ ಮೊದಲೇ ಸವೆದು ಹೋಗುವುದರಿಂದ ಅದಕ್ಕೆ ಇದರಿಂದ ಪ್ರಯೋಜನವಿಲ್ಲ. ವರ್ಷದ ಬಹುಪಾಲು ನಿಂತೇ ಇರುವ ಕ್ಯಾರವಾನ್, ತೋಟದ ಮನೆಯ ವಾರಾಂತ್ಯದ ಜೀಪು, ಡಿಕ್ಕಿಯೊಳಗಿನ ಸ್ಟೆಪ್ನಿ — ಇವುಗಳ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ದೊಡ್ಡ ವಾಹನಗಳ ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದರ ವಾಲ್ವ್‌ಗೆ ಕೈ ಹೋಗುವುದೇ ಕಷ್ಟ. ಸಾರಜನಕಕ್ಕೆ ಹಣ ಕೊಡುವುದಿದ್ದರೆ ಇಂಥ ಚಕ್ರಗಳಿಗೆ, ಅದೂ ಎರಡು ಬಾರಿ ಬಿಟ್ಟು ತುಂಬಿಸುವ ಷರತ್ತಿನ ಮೇಲೆ, ಕೊಡಬಹುದು. ಆದರೂ ಬಿಸಿಲು, ಓಜೋನ್ ಹೊರಗಿನಿಂದ ಮಾಡುವ ಹಾನಿಗೆ ಅದರಲ್ಲಿ ಔಷಧವಿಲ್ಲ.

7. ನಿರ್ಣಯ

ಸಾರಜನಕ ಮಾಡುವ ಮುಖ್ಯ ಕೆಲಸ ಅಳತೆ ಮರೆತವನಿಗೆ ಒಂದಿಷ್ಟು ಗಡುವು ಕೊಡುವುದು. ಅಳತೆಯ ಬದಲಿಗೆ ಅದು ನಿಲ್ಲಲಾರದು: ಪಂಕ್ಚರ್, ವಾಲ್ವ್ ದೋಷ, ರಿಮ್ ಅಂಚಿನ ಸೋರಿಕೆಗಳಲ್ಲಿ ಎರಡು ಅನಿಲಗಳೂ ಒಂದೇ ವೇಗದಲ್ಲಿ ಹೋಗುತ್ತವೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮದ ತಿದ್ದುಪಡಿ ಕಾರುಗಳಿಗೆ ಸ್ಟೆಪ್ನಿಯಿಂದ ವಿನಾಯಿತಿ ಕೊಟ್ಟಾಗ ಕೇಳಿದ್ದು ಸಾರಜನಕವನ್ನಲ್ಲ; ಒತ್ತಡವನ್ನು ಸದಾ ಗಮನಿಸುವ ಸಂವೇದಕವನ್ನು ಮತ್ತು ದುರಸ್ತಿ ಸಾಮಗ್ರಿಯನ್ನು. ಆ ಆಯ್ಕೆ ಸರಿಯಾದದ್ದು. ಸಾಮಾನ್ಯ ಪ್ರವಾಸಿ ವಾಹನದ ಮಾಲೀಕರು ನಾಲ್ಕಾರು ಬಾರಿಯ ನೈಟ್ರೋಜನ್ ಹಣದಲ್ಲಿ ಒಂದು ಒಳ್ಳೆಯ ಗೇಜ್ ಕೊಂಡು, ಹೊರಡುವ ಮುನ್ನ ತಣ್ಣನೆಯ ಟೈರಿಗೆ ಹಿಡಿದು ನೋಡುವುದು ಹೆಚ್ಚು ಲಾಭದ, ಹೆಚ್ಚು ಸುರಕ್ಷಿತ ದಾರಿ.