ಪ್ರೌಢಶಾಲಾ ವೃತ್ತಿಕೌಶಲ್ಯ ಮನ್ನಣೆ (ಧಾರವಾಡ ಗ್ರಾಮಾಂತರ)

ಪ್ರೌಢಶಾಲೆಯ ವಿದ್ಯಾರ್ಥಿ ಕೆಲಸ ಮಾಡುತ್ತಲೇ ಕಲಿತದ್ದಕ್ಕೆ ದೊರೆಯುವ ದೃಢೀಕರಣ. ಅದು ಕಾಗದದ ಪ್ರಮಾಣಪತ್ರವಾಗಿರಬಹುದು, ಮೊಬೈಲಿನಲ್ಲಿ ತೋರಿಸುವ ಡಿಜಿಟಲ್ ಬ್ಯಾಡ್ಜ್ ಆಗಿರಬಹುದು. ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟು 2013ರಲ್ಲಿ ಜಾರಿಗೆ ಬಂತು. ಅದರಡಿ ಕರ್ನಾಟಕದ ಆಯ್ದ ಶಾಲೆಗಳ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್‌ನಂಥ ವಿಷಯ ತೆಗೆದುಕೊಳ್ಳಬಹುದು. ಒಳ್ಳೆಯ ಏರ್ಪಾಡೇ. ಆದರೆ ಕಲಿಯುವವರ ಕೈಕೆಲಸವನ್ನು ಬಲ್ಲವರೊಬ್ಬರು ಹತ್ತಿರ ನಿಂತು ನೋಡಿರದಿದ್ದರೆ ಬ್ಯಾಡ್ಜಿಗೆ ಬೆಲೆ ಬಾರದು. ರಿಟೇಲ್ ಓದಿದವರಿಗೆ ದೊಡ್ಡ ಮಳಿಗೆಗಳಿರುವುದು ಹುಬ್ಬಳ್ಳಿಯಲ್ಲಿ. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಸುತ್ತ ಇರುವುದು ಹೆಚ್ಚಾಗಿ ಹತ್ತಿ, ಕಡಲೆ, ಮೆಣಸಿನಕಾಯಿಯ ಹೊಲಗಳು. ಬಲ್ಲವರ ಕೊರತೆ ಮಾತ್ರ ಇಲ್ಲಿಲ್ಲ. ನವಲಗುಂದದಲ್ಲಿ ಹೆಂಗಸರು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಎಳೆ ಎಣಿಸುತ್ತ ಜಮಖಾನದಲ್ಲಿ ನವಿಲನ್ನೂ ಪಗಡೆ ಹಾಸನ್ನೂ ಮೂಡಿಸುತ್ತಾರೆ; ಭೌಗೋಳಿಕ ಸೂಚಕ ಪಡೆದ ನೇಯ್ಗೆ ಅದು. ಕಲಘಟಗಿಯ ಬಣ್ಣದ ತೊಟ್ಟಿಲುಗಳೂ ಹೆಸರುವಾಸಿ. ಇಂಥ ಕುಶಲಿಗಳೇ ಪರೀಕ್ಷಕರಾಗಿ, ಗೌರವಧನ ಪಡೆದು, ಮಕ್ಕಳ ಕೆಲಸವನ್ನು ದೃಢೀಕರಿಸಬೇಕು.

ಇದು ಮಕ್ಕಳನ್ನು ಕುಲಕಸುಬಿಗೆ ಕಟ್ಟಿಹಾಕುವುದಿಲ್ಲವೇ ಎಂಬ ಆಕ್ಷೇಪಕ್ಕೆ ಆಧಾರವಿದೆ. ಮದ್ರಾಸಿನಲ್ಲಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲೆಂದು ತಂದ 1953ರ ಅರ್ಧದಿನದ ಶಾಲಾ ಯೋಜನೆ ಇದೇ ಕಾರಣಕ್ಕೆ ವಿರೋಧ ಎದುರಿಸಿ ಮರುವರ್ಷ ರದ್ದಾಯಿತು. ಆದ್ದರಿಂದ ಆಯ್ಕೆ ಮಗುವಿನದ್ದಾಗಿರಬೇಕು, ಮಗ್ಗ ಯಾವ ಮನೆಯ ಮಗುವಿಗೂ ತೆರೆದಿರಬೇಕು, ಗಣಿತ ವಿಜ್ಞಾನಗಳ ಒಂದು ತರಗತಿಯೂ ತಪ್ಪಬಾರದು.