ಗಮನಕ್ಕೊಂದು ಅಳತೆಗೋಲು

ಗೋಕಾಕದ ಕಡೆಯ ಮಮದಾಪುರದಂಥ ಊರಿನಲ್ಲಿ ಒಬ್ಬನು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನೆನ್ನಿ. ಗಾಯ ಮಾಯಿತು, ನಡೆಯುತ್ತಾನೆ, ನುಡಿಯುತ್ತಾನೆ. ಆದರೆ ಹೊಲಕ್ಕೆ ನೀರು ಬಿಟ್ಟು ಮರೆಯುತ್ತಾನೆ, ಸಂತೆಯಲ್ಲಿ ಲೆಕ್ಕ ತಪ್ಪುತ್ತಾನೆ. ಮನೆಯವರು ಮೈಗಳ್ಳನೆನ್ನುತ್ತಾರೆ. ಕುಂದಿರುವುದು ದುಡಿಯುವ ಮನಸ್ಸಲ್ಲ, ಗಮನ. ಅದನ್ನು ಅಳೆಯುವುದೆಂತು?

ಎರಡನೆಯ ಮಹಾಯುದ್ಧದ ಕಾಲಕ್ಕೆ ರಷ್ಯದ ಲೂರಿಯಾ ಅವರು ಮೆದುಳಿಗೆ ಗಾಯವಾದ ಸೈನಿಕರನ್ನು ಪರೀಕ್ಷಿಸಿದರು. ಅಮೆರಿಕದ ಸೈನ್ಯದ 1944ರ ಪರೀಕ್ಷೆಯೊಂದರಲ್ಲಿ ಅಂಕಿ, ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಗೆರೆಯೆಳೆದು ಕೂಡಿಸಬೇಕಾಗಿತ್ತು. 1970ರ ದಶಕದಲ್ಲಿ ನ್ಯೂಜಿಲೆಂಡಿನ ಡೊರೊತಿ ಗ್ರಾನ್‌ವಾಲ್ ಕಿವಿಯ ಮೂಲಕ ಅಳೆದರು. ಧ್ವನಿಮುದ್ರಣದಿಂದ ಬರುವ ಪ್ರತಿಯೊಂದು ಅಂಕಿಯನ್ನೂ ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಮೂರರ ಮೇಲೆ ಐದು ಬಂದರೆ ಎಂಟು; ಮುಂದೆ ಎರಡು ಬಂದರೆ ಹತ್ತಲ್ಲ, ಏಳು! ಪೆಟ್ಟು ತಿಂದವನು ಕೆಲಸಕ್ಕೆ ಮರಳಬಹುದೇ ಎಂಬುದನ್ನು ನಿರ್ಧರಿಸಲು ಇದು ನೆರವಾಯಿತು.

ನಮ್ಮ ನಾಡಿನಲ್ಲಿ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ಶೋಭಿನಿ ರಾವ್ ಮತ್ತು ಸಂಗಡಿಗರ ಪರೀಕ್ಷಾಮಾಲೆ 2004ರಲ್ಲಿ ಹೊರಬಂದಿತು. ಹಾಳೆ ತುಂಬಿದ ಅಂಕಿಗಳಲ್ಲಿ 6 ಮತ್ತು 9ನ್ನು ಮಾತ್ರ ಹೊಡೆದುಹಾಕುವುದು, ಎರಡು ಬಣ್ಣದ ವೃತ್ತಗಳೊಳಗಿನ ಅಂಕಿಗಳನ್ನು ಬಣ್ಣ ಬದಲಿಸುತ್ತ ಕೂಡಿಸುವುದು ಅದರಲ್ಲಿವೆ. ಇಂಗ್ಲಿಷ್ ಅಕ್ಷರಗಳ ಹಂಗಿಲ್ಲ. ವಯಸ್ಸು, ವಿದ್ಯಾಭ್ಯಾಸಗಳಿಗೆ ತಕ್ಕಂತೆ ನಮ್ಮವರದೇ ಮಾನದಂಡ. ಓದು ಬಾರದವನನ್ನು ಪದವೀಧರನ ತಕ್ಕಡಿಯಲ್ಲಿ ತೂಗಿದರೆ, ಶಾಲೆಯಿಲ್ಲದ್ದೇ ರೋಗವೆನಿಸೀತು.

ಪರೀಕ್ಷೆಯ ಕೋಣೆ ಸದ್ದಿಲ್ಲದ್ದು, ಸಂತೆಯೋ ಗದ್ದಲದ್ದು. ಆದುದರಿಂದ ಮನೆಯವರು ಕಂಡುದನ್ನೂ ವೈದ್ಯರು ಕೇಳಬೇಕು. ಅಳತೆಗೆ ಸಿಕ್ಕ ಕುಂದಿಗೆ ಆರೈಕೆಯುಂಟು; ಮೈಗಳ್ಳನೆಂಬ ಮಾತಿಗೆ ಮದ್ದೆಲ್ಲಿ?